85ರಲ್ಲಿ ನಿಂತುಹೋದ ಅಂಕಿ: ರಾಯಚೂರು ಜಿಲ್ಲೆಯ ಒಂದು ನೈಟ್ರೋಬೆಂಜೀನ್ ವಿಷಪ್ರಕರಣದ ಅಧ್ಯಯನ

ರಾಯಚೂರು ಜಿಲ್ಲೆಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಒಂದು ಹಳ್ಳಿಯಿಂದ 34 ವರ್ಷದ ಕೃಷಿ ಕೂಲಿಕಾರರೊಬ್ಬರನ್ನು ಸೆಪ್ಟೆಂಬರ್ ತಿಂಗಳ ಒಂದು ಸಂಜೆ 6 ಗಂಟೆ 40 ನಿಮಿಷಕ್ಕೆ ನಾನು ಕೆಲಸ ಮಾಡುತ್ತಿದ್ದ ತಾಲ್ಲೂಕು ಮಟ್ಟದ ಆಸ್ಪತ್ರೆಗೆ ಕರೆತಂದರು. ಹತ್ತಿ ಹೂವು ಕಟ್ಟುವ ಕಾಲ ಅದು. ಆ ದಿನಗಳಲ್ಲಿ ನಮ್ಮಲ್ಲಿಗೆ ಬರುವ ವಿಷಪ್ರಕರಣಗಳಲ್ಲಿ ಹೆಚ್ಚಿನವು ಕೀಟನಾಶಕಗಳವು, ಹಾಗಾಗಿ ಹೊಲದಿಂದ ನೇರವಾಗಿ ಬಂದ ರೋಗಿಯನ್ನು ಕಂಡೊಡನೆ ಕಣ್ಣಿನ ಪಾಪೆ ಸಣ್ಣದಾಗಿದೆಯೇ, ಬಾಯಲ್ಲಿ ಜೊಲ್ಲು ಸುರಿಯುತ್ತಿದೆಯೇ, ಮೈ ಬೆವರುತ್ತಿದೆಯೇ ಎಂದು ನೋಡುವುದು ನಮಗೆಲ್ಲ ಅಭ್ಯಾಸವಾಗಿಹೋಗಿದೆ. ಇವರಲ್ಲಿ ಆ ಮೂರೂ ಇರಲಿಲ್ಲ. ಪಾಪೆಗಳು ಸಹಜವಾಗಿದ್ದವು, ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಎರಡೂ ಶ್ವಾಸಕೋಶಗಳಲ್ಲಿ ಗಾಳಿ ಸ್ವಚ್ಛವಾಗಿ ಓಡಾಡುತ್ತಿತ್ತು. ಆದರೆ ತುಟಿ, ನಾಲಿಗೆ, ಉಗುರಿನ ಬುಡ ಮೂರೂ ಬೂದಿ ಬೆರೆತ ನೀಲಿಯಾಗಿದ್ದವು. ನಾಡಿ ನಿಮಿಷಕ್ಕೆ 124, ಉಸಿರು 28, ರಕ್ತದೊತ್ತಡ 100/60. ಹೆಸರು ಕೇಳಿದರೆ ಹೇಳುತ್ತಿದ್ದರು, ಹೇಳಿ ಮತ್ತೆ ಕಣ್ಣು ಮುಚ್ಚುತ್ತಿದ್ದರು.

ಅವರ ಹೆಂಡತಿ ಹೇಳಿದ್ದು ಇಷ್ಟು: "ಮಧ್ಯಾಹ್ನದಿಂದ ತಲಿ ಸಿಡೀತೈತಿ ಅಂತ ಕುಂತಿದ್ರು ಸರ, ಈಗ ನೋಡಿದ್ರ ತುಟಿ ನೇರಳೆಹಣ್ಣು ತಿಂದಂಗ ಆಗ್ಯಾವ." ಊರಿನಲ್ಲೇ ಒಬ್ಬರ ಬಳಿ ತೋರಿಸಿ, ಒಂದು ಗ್ಲೂಕೋಸ್ ಬಾಟಲಿ ಮತ್ತು ತಲೆನೋವಿಗೆ ಒಂದು ಸೂಜಿ ಹಾಕಿಸಿಕೊಂಡು ಬಂದಿದ್ದರು. ಏನನ್ನಾದರೂ ಕುಡಿದಿದ್ದಾರೆಯೇ ಎಂಬ ನನ್ನ ಪ್ರಶ್ನೆಗೆ ಮೊದಲು ಎಲ್ಲರೂ ಇಲ್ಲವೆಂದೇ ಹೇಳಿದರು. ವಿಷ ಕುಡಿದರೆಂದರೆ ಪೊಲೀಸ್ ಪ್ರಕರಣವಾಗುತ್ತದೆಂಬ ಭಯ ಈ ಭಾಗದ ಪ್ರತಿ ಕುಟುಂಬಕ್ಕೂ ಇದೆ, ಅದಕ್ಕಾಗಿ ನಾನು ಅವರನ್ನು ದೂರುವುದಿಲ್ಲ. ರೋಗಿಯ ಗುರುತು ಸಿಗದಂತೆ ಊರಿನ ಹೆಸರು ಮುಂತಾದ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ.

ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಪಾಲು ಆಮ್ಲಜನಕ ಹೊತ್ತಿದೆಯೆಂದು ತೋರಿಸುವ ಪಲ್ಸ್ ಆಕ್ಸಿಮೀಟರನ್ನು ಸಿಸ್ಟರ್ ಬೆರಳಿಗೆ ಸಿಕ್ಕಿಸಿದರು. ಅದು 85 ತೋರಿಸಿತು. ಮುಖಕ್ಕೆ ಮಾಸ್ಕ್ ಹಾಕಿ ನಿಮಿಷಕ್ಕೆ 10 ಲೀಟರಿನಂತೆ ಆಮ್ಲಜನಕ ಹರಿಸಿದೆವು. ಐದು ನಿಮಿಷದ ನಂತರವೂ 85. ಬೆರಳು ಬದಲಿಸಿದೆವು, ಉಗುರು ಒರೆಸಿದೆವು, ಉಪಕರಣವನ್ನೇ ಬದಲಿಸಿದೆವು. ಒಮ್ಮೆ 84, ಒಮ್ಮೆ 86, ಮತ್ತೆ 85. ಕೊರೊನಾದ ಎರಡು ವರ್ಷಗಳಲ್ಲಿ ನಮ್ಮ ಆಸ್ಪತ್ರೆಯ ಆಯಾ ಅವರಿಂದ ಹಿಡಿದು ರೋಗಿಯ ಮನೆಯವರ ತನಕ ಎಲ್ಲರೂ ಈ ಅಂಕಿಯನ್ನು ಓದಲು ಕಲಿತಿದ್ದಾರೆ. 94ಕ್ಕಿಂತ ಕಡಿಮೆಯಾದರೆ ಆಮ್ಲಜನಕ ಕೊಡಬೇಕು, ಕೊಟ್ಟಾಗ ಏರದಿದ್ದರೆ ವೆಂಟಿಲೇಟರ್ ಇರುವಲ್ಲಿಗೆ ಕಳಿಸಬೇಕು ಎಂಬುದು ನಮ್ಮ ಮೈಗೂಡಿದ ಕ್ರಮ. ನನ್ನ ಸಹೋದ್ಯೋಗಿ ಅದರಂತೆ ಶಿಫಾರಸು ಪತ್ರ ಬರೆಯಲು ಕುಳಿತರು, ನಾನೂ ಒಪ್ಪಿದ್ದೆ. ಪತ್ರದಲ್ಲಿ ಶ್ವಾಸಕೋಶದ ತೊಂದರೆ ಎಂಬ ಅನುಮಾನವನ್ನೇ ನಮೂದಿಸಿದ್ದೆವು. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು, ಆ ಮುಕ್ಕಾಲು ಗಂಟೆಯ ಹೊಣೆ ನನ್ನದೇ.

ದಾರಿ ತಿರುಗಿದ್ದು ಎರಡು ಕಾರಣಗಳಿಂದ. ಮೊದಲನೆಯದು ವಾಸನೆ. ರೋಗಿಯ ಅಂಗಿ ತೆಗೆಸುವಾಗ ಅದರಿಂದ ಬೂಟ್ ಪಾಲಿಶ್ ಡಬ್ಬಿ ತೆರೆದಂತಹ ವಾಸನೆ ಬಂದಿತು. ಎರಡನೆಯದು, ಪರೀಕ್ಷೆಗೆಂದು ಸಿರಿಂಜಿಗೆ ಎಳೆದ ರಕ್ತದ ಬಣ್ಣ. ಆಮ್ಲಜನಕ ಕಡಿಮೆಯಿರುವ ರಕ್ತ ಕಡುಗೆಂಪಾಗಿರುತ್ತದೆ. ಇದು ಕೆಂಪೇ ಅಲ್ಲ, ಹಾಲು ಹಾಕದ ಚಾಕೊಲೇಟಿನಂತೆ ಕಂದು. ಒಂದು ಹನಿಯನ್ನು ಬಿಳಿಯ ಫಿಲ್ಟರ್ ಕಾಗದದ ಮೇಲೆ ಬಿಟ್ಟು, ಅದರ ಪಕ್ಕದಲ್ಲಿ ನನ್ನದೇ ಬೆರಳನ್ನು ಚುಚ್ಚಿ ಇನ್ನೊಂದು ಹನಿ ಬಿಟ್ಟೆ. ಗಾಳಿಗೆ ತೆರೆದಿಟ್ಟಾಗ ಆಮ್ಲಜನಕವಿಲ್ಲದ ರಕ್ತವೂ ಸ್ವಲ್ಪ ಹೊತ್ತಿನಲ್ಲಿ ಕೆಂಪಾಗುತ್ತದೆ. ನನ್ನ ಹನಿ ಕೆಂಪಾಗಿಯೇ ಇತ್ತು, ಅವರದು ಕಂದಾಗಿಯೇ ಉಳಿಯಿತು. ಊದಿದರೂ, ಕಾಗದ ಬೀಸಿದರೂ ಬದಲಾಗಲಿಲ್ಲ.

ಆಗ ನಾನು ಅವರ ತಮ್ಮನನ್ನು ಹೊರಗೆ ಕರೆದು, ಯಾವ ಪ್ರಕರಣದ ಮಾತೂ ಇಲ್ಲ, ಅಣ್ಣ ಉಳಿಯಬೇಕಾದರೆ ನಿಜ ಹೇಳಬೇಕು ಎಂದೆ. ಅವರು ಹೇಳಿದರು: "ಎಣ್ಣಿ ಕುಡಿದಿಲ್ರಿ ಸರ. ಹೂವು ಜಾಸ್ತಿ ಹಿಡೀಲಿ ಅಂತ ಹೊಡಿಯೋ ಟಾನಿಕ್ ಅದು. ಅದ್ರಾಗ ವಿಷ ಇರಂಗಿಲ್ಲ ಅಂತ ಅಂಗಡ್ಯಾಗ ಹೇಳ್ಯಾರ." ನಮ್ಮ ಭಾಗದಲ್ಲಿ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು. ಟಾನಿಕ್ ಎಂದರೆ ಜನರ ಲೆಕ್ಕದಲ್ಲಿ ಬೇರೆಯೇ ವಸ್ತು, ಗಿಡಕ್ಕೆ ಶಕ್ತಿ ಕೊಡುವಂಥದ್ದು. ದೊಡ್ಡ ಡಬ್ಬಿಯಿಂದ ಒಂದು ದಿನಕ್ಕೆ ಬೇಕಾದಷ್ಟನ್ನು ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ಸುರಿದುಕೊಂಡು ಬದುವಿನ ಮೇಲೆ, ಕುಡಿಯುವ ನೀರಿನ ಬಾಟಲಿಯ ಪಕ್ಕದಲ್ಲೇ ಇಟ್ಟಿದ್ದರು. ಮಧ್ಯಾಹ್ನ ಒಂದೂವರೆಯ ಬಿಸಿಲಿನಲ್ಲಿ ಸ್ಪ್ರೇ ಪಂಪು ಇಳಿಸಿದ ಅಣ್ಣ ನೀರೆಂದುಕೊಂಡು ಅದನ್ನೆತ್ತಿ ಒಂದು ಗುಟುಕು ನುಂಗಿದ್ದರು, ಎರಡನೆಯದನ್ನು ಉಗಿದಿದ್ದರು. ಉಗಿದದ್ದು ಅಂಗಿಯ ಮೇಲೆ ಚೆಲ್ಲಿತ್ತು. ಬಾಯಿ ತೊಳೆದುಕೊಂಡು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ಕುಳಿತು, ಏನೂ ಆಗಲಿಲ್ಲವೆಂದು ಮತ್ತೆ ಪಂಪು ಬೆನ್ನಿಗೇರಿಸಿದ್ದರು. ಆ ತಮ್ಮನು ಮೊಬೈಲಿನಲ್ಲಿ ಊರಿನವರಿಂದ ತರಿಸಿದ ಡಬ್ಬಿಯ ಚಿತ್ರದಲ್ಲಿ ಸಣ್ಣ ಅಕ್ಷರದಲ್ಲಿ ಇದ್ದದ್ದು: ನೈಟ್ರೋಬೆಂಜೀನ್ ಶೇ. 20.

ನೈಟ್ರೋಬೆಂಜೀನ್ ಹಳೆಯ ವಸ್ತು. 1834ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಮಿಟ್ಷರ್ಲಿಖ್ ಇದನ್ನು ಮೊದಲು ತಯಾರಿಸಿದರು. ಕಹಿ ಬಾದಾಮಿಯ ಪರಿಮಳವಿದ್ದುದರಿಂದ ಒಂದು ಕಾಲದಲ್ಲಿ ಮಿರ್ಬೇನ್ ಎಣ್ಣೆಯೆಂಬ ಹೆಸರಿನಲ್ಲಿ ಸಾಬೂನಿಗೂ ಬೆರೆಸುತ್ತಿದ್ದರು. ಇಂದು ಜಗತ್ತಿನಲ್ಲಿ ತಯಾರಾಗುವ ನೈಟ್ರೋಬೆಂಜೀನಿನ ಬಹುಪಾಲು ಅನಿಲೀನ್ ಆಗಿ ಬದಲಾಗುತ್ತದೆ. ನಮ್ಮಲ್ಲಿ ಅದು ಹತ್ತಿ, ಮೆಣಸಿನಕಾಯಿ ಮತ್ತು ತರಕಾರಿ ಬೆಳೆಗಳಿಗೆ ಹೂವು ಹೆಚ್ಚಿಸುವ ದ್ರಾವಣವಾಗಿಯೂ ಮಾರಾಟವಾಗುತ್ತದೆ. ಶೇ. 20ರ ದ್ರಾವಣದ ಒಂದು ಗುಟುಕನ್ನು 20 ಮಿಲಿಲೀಟರ್ ಎಂದುಕೊಂಡರೂ ಸುಮಾರು 4 ಗ್ರಾಂ ನೈಟ್ರೋಬೆಂಜೀನ್ ದೇಹ ಸೇರಿದಂತಾಯಿತು. ಜೀವ ಹೋಗಬಹುದಾದ ಪ್ರಮಾಣವದು. ಕೀಟನಾಶಕದ ಡಬ್ಬಿಗಳ ಮೇಲೆ ವಿಷದ ತೀವ್ರತೆಗೆ ತಕ್ಕಂತೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣದ ಗುರುತು ಇರಲೇಬೇಕೆಂಬ ನಿಯಮವಿದೆ, ಅಕ್ಷರ ಬಾರದವರೂ ಕೆಂಪನ್ನು ಗುರುತಿಸುತ್ತಾರೆ. ನಾನು ನೋಡಿದ ಚಿತ್ರದ ಡಬ್ಬಿಯ ಮೇಲೆ ಆ ಗುರುತು ಇರಲಿಲ್ಲ, ಅರಳಿದ ಹೂವಿನ ಚಿತ್ರವಿತ್ತು.

ನುಂಗಿದ ತಕ್ಷಣ ಏನೂ ಆಗದಿರುವುದು ಈ ವಿಷದ ದೊಡ್ಡ ಮೋಸ. ರಕ್ತವನ್ನು ಕೆಡಿಸುವುದು ನೈಟ್ರೋಬೆಂಜೀನ್ ಅಲ್ಲ, ಕರುಳಿನ ಬ್ಯಾಕ್ಟೀರಿಯಾಗಳು ಮತ್ತು ಯಕೃತ್ತು ಅದನ್ನು ಒಡೆದು ಮಾಡುವ ನೈಟ್ರೋಸೋಬೆಂಜೀನ್, ಫಿನೈಲ್‌ಹೈಡ್ರಾಕ್ಸಿಲಮೀನ್ ಎಂಬ ವಸ್ತುಗಳು. ಅವು ತಯಾರಾಗಲು ಗಂಟೆಗಳು ಬೇಕು. ತಯಾರಾದ ಮೇಲೆ ಹಿಮೋಗ್ಲೋಬಿನ್ನಿನ ನಡುವೆ ಇರುವ ಕಬ್ಬಿಣದ ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕಸಿಯುತ್ತವೆ. ಎರಡು ಧನ ಆವೇಶವಿದ್ದ ಕಬ್ಬಿಣ ಮೂರು ಧನ ಆವೇಶದ್ದಾಗುತ್ತದೆ. ಸಂಡೂರಿನ ಗುಡ್ಡಗಳ ಹೆಮಟೈಟ್ ಅದಿರಿನಲ್ಲಿರುವ ಕಬ್ಬಿಣವೂ ಇದೇ ಮೂರು ಆವೇಶದ ಸ್ಥಿತಿಯಲ್ಲಿದೆ, ಆ ಅದಿರಿಗೆ ಹೆಸರು ಬಂದದ್ದು ರಕ್ತವೆಂಬ ಅರ್ಥದ ಗ್ರೀಕ್ ಪದದಿಂದ ಎನ್ನುವುದು ನನಗೆ ಈ ಪ್ರಕರಣದ ನಂತರ ಮತ್ತೆ ಮತ್ತೆ ನೆನಪಾಗುತ್ತದೆ. ಹೀಗಾದ ಹಿಮೋಗ್ಲೋಬಿನ್ನಿಗೆ ಮೆಟ್‌ಹಿಮೋಗ್ಲೋಬಿನ್ ಎಂದು ಹೆಸರು. ಅದು ಆಮ್ಲಜನಕವನ್ನು ಹೊರಲಾರದು. ಅದಕ್ಕಿಂತ ಕೆಟ್ಟದ್ದೆಂದರೆ, ಅದರ ಜೊತೆಯಲ್ಲಿ ಉಳಿದಿರುವ ಒಳ್ಳೆಯ ಕಬ್ಬಿಣದ ಪರಮಾಣುಗಳು ತಾವು ಹಿಡಿದ ಆಮ್ಲಜನಕವನ್ನು ಅಂಗಾಂಗಗಳಿಗೆ ಬಿಟ್ಟುಕೊಡುವುದಿಲ್ಲ. ಆರೋಗ್ಯವಂತರಲ್ಲಿ ಇದರ ಪಾಲು ಶೇ. 1ಕ್ಕಿಂತ ಹೆಚ್ಚಿರುವುದಿಲ್ಲ. ಶೇ. 10ರ ಸುಮಾರಿಗೆ ತುಟಿ ನೀಲಿಯಾಗುತ್ತದೆ, ಶೇ. 20ರಿಂದ 30ಕ್ಕೆ ತಲೆನೋವು, ಸುಸ್ತು, ಶೇ. 50 ದಾಟಿದರೆ ಪ್ರಜ್ಞೆ ತಪ್ಪುವುದು, ಸೆಳವು, ಹೃದಯದ ಬಡಿತ ಏರುಪೇರಾಗುವುದು, ಶೇ. 70ರ ಹೊತ್ತಿಗೆ ಸಾವು.

ಈ ಎಲ್ಲವೂ ವೈದ್ಯಕೀಯದ ಮೊದಲ ವರ್ಷಗಳ ಪಾಠ. ನನ್ನನ್ನು ತಡೆದು ನಿಲ್ಲಿಸಿದ್ದು 85 ಎಂಬ ಅಂಕಿಯ ಪ್ರಶ್ನೆ. ಉಸಿರಿನ ಕಾಯಿಲೆಯಲ್ಲಿ ಅಂಕಿ ಏರಿಳಿಯುತ್ತದೆ. ಆಮ್ಲಜನಕ ಕೊಟ್ಟರೆ ಒಂದಿಷ್ಟಾದರೂ ಮೇಲಕ್ಕೆ ಹೋಗುತ್ತದೆ, ರೋಗಿ ಕೆಡುತ್ತಿದ್ದರೆ ಕೆಳಕ್ಕೆ ಬರುತ್ತದೆ. ಇದು ಎರಡೂ ಮಾಡದೆ ಕಂಬದಂತೆ ನಿಂತಿತ್ತು. ಯಾಕೆಂದು ತಿಳಿಯಲು ಉಪಕರಣದೊಳಗಿನ ಭೌತಶಾಸ್ತ್ರಕ್ಕೇ ಹೋಗಬೇಕು.

ರಕ್ತದ ಬಣ್ಣಕ್ಕೂ ಆಮ್ಲಜನಕಕ್ಕೂ ಇರುವ ನಂಟನ್ನು 1864ರಲ್ಲಿ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದ ಮೂಲಕ ತೋರಿಸಿದವರು ವೈದ್ಯರಲ್ಲ, ಕೇಂಬ್ರಿಜ್‌ನ ಭೌತವಿಜ್ಞಾನಿ ಜಾರ್ಜ್ ಸ್ಟೋಕ್ಸ್. ದ್ರವಪದಾರ್ಥದ ಮೂಲಕ ಹಾದ ಬೆಳಕು ಅದರಲ್ಲಿರುವ ಬಣ್ಣದ ವಸ್ತುವಿನ ಸಾಂದ್ರತೆಗೆ ಮತ್ತು ದಾರಿಯ ಉದ್ದಕ್ಕೆ ತಕ್ಕಂತೆ ಕುಂದುತ್ತದೆಂಬ ಬಿಯರ್-ಲ್ಯಾಂಬರ್ಟ್ ನಿಯಮವನ್ನು ಪಿಯುಸಿ ಮಕ್ಕಳೂ ಕೇಳಿರುತ್ತಾರೆ. ಆದರೆ ಬೆರಳು ಗಾಜಿನ ನಳಿಗೆಯಲ್ಲ. ಅದರಲ್ಲಿ ಚರ್ಮ, ಮೂಳೆ, ಕೊಬ್ಬು, ಅಭಿಧಮನಿಯ ರಕ್ತ ಎಲ್ಲವೂ ಬೆಳಕನ್ನು ನುಂಗುತ್ತವೆ. ಇವುಗಳ ನಡುವಿನಿಂದ ಅಪಧಮನಿಯ ರಕ್ತವೊಂದನ್ನೇ ಬೇರ್ಪಡಿಸುವ ದಾರಿಯನ್ನು 1970ರ ದಶಕದ ಆರಂಭದಲ್ಲಿ ಕಂಡವರು ಜಪಾನಿನ ನಿಹೋನ್ ಕೋಡೆನ್ ಸಂಸ್ಥೆಯ ಎಂಜಿನಿಯರ್ ತಕುವೊ ಅಯೊಯಾಗಿ. ಅವರು ಹುಡುಕುತ್ತಿದ್ದುದು ಇದನ್ನಲ್ಲ. ರಕ್ತಕ್ಕೆ ಬಣ್ಣವೊಂದನ್ನು ಸೇರಿಸಿ, ಕಿವಿಯ ಮೂಲಕ ಬೆಳಕು ಹಾಯಿಸಿ, ಆ ಬಣ್ಣ ತೆಳುವಾಗುವ ವೇಗದಿಂದ ಹೃದಯ ಎಷ್ಟು ರಕ್ತ ದೂಡುತ್ತದೆಂದು ಅಳೆಯುವುದು ಅವರ ಉದ್ದೇಶವಾಗಿತ್ತು. ನಾಡಿಯ ಮಿಡಿತ ಆ ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ಅಳಿಸಿಹಾಕಲು ಎರಡು ಬಣ್ಣಗಳ ಬೆಳಕನ್ನು ಹೋಲಿಸುತ್ತಿದ್ದಾಗ, ಮಿಡಿಯುವ ಭಾಗವೇ ಅಪಧಮನಿಯ ರಕ್ತ, ಅದರಿಂದಲೇ ಆಮ್ಲಜನಕವನ್ನು ತಿಳಿಯಬಹುದು ಎಂಬುದು ಅವರಿಗೆ ಹೊಳೆಯಿತು. ಈ ಕೆಲಸವನ್ನು ಅವರು 1974ರಲ್ಲಿ ಮಂಡಿಸಿದರು. ಕೊರೊನಾದಿಂದ ಇಡೀ ಜಗತ್ತು ಅವರ ಉಪಕರಣವನ್ನು ಬೆರಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ 2020ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು.

ಇಂದಿನ ಉಪಕರಣದಲ್ಲಿ ಎರಡು ದೀಪಗಳಿವೆ. ಒಂದು 660 ನ್ಯಾನೋಮೀಟರಿನ ಕೆಂಪು, ಇನ್ನೊಂದು ಕಣ್ಣಿಗೆ ಕಾಣದ 940 ನ್ಯಾನೋಮೀಟರಿನ ಅವಕೆಂಪು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಸುಮ್ಮನೆ ಹಾದುಹೋಗಲು ಬಿಡುತ್ತದೆ, ಅವಕೆಂಪನ್ನು ಹೆಚ್ಚು ನುಂಗುತ್ತದೆ. ಆಮ್ಲಜನಕವಿಲ್ಲದ್ದು ಇದಕ್ಕೆ ತಿರುಗುಮುರುಗು. ನಾಡಿ ಮಿಡಿದಾಗ ಎರಡೂ ಬೆಳಕುಗಳಲ್ಲಿ ಆಗುವ ಏರಿಳಿತವನ್ನು ಆಯಾ ಬೆಳಕಿನ ಸ್ಥಿರ ಭಾಗದಿಂದ ಭಾಗಿಸಿ, ನಂತರ ಕೆಂಪಿನದನ್ನು ಅವಕೆಂಪಿನದರಿಂದ ಭಾಗಿಸಿದರೆ ಒಂದು ಅನುಪಾತ ಸಿಗುತ್ತದೆ. ಉಪಕರಣ ಅಳೆಯುವುದು ಆ ಅನುಪಾತವನ್ನು ಮಾತ್ರ. ಶೇಕಡಾವಾರು ಅಂಕಿ ಬರುವುದು ಅದರೊಳಗೆ ಬರೆದಿಟ್ಟ ಪಟ್ಟಿಯಿಂದ. ಆರೋಗ್ಯವಂತ ಸ್ವಯಂಸೇವಕರಿಗೆ ಆಮ್ಲಜನಕ ಕಡಿಮೆಯಿರುವ ಗಾಳಿಯನ್ನು ಉಸಿರಾಡಿಸಿ, ಅದೇ ಹೊತ್ತಿಗೆ ಅವರ ರಕ್ತವನ್ನು ಪ್ರಯೋಗಾಲಯದಲ್ಲಿ ಅಳೆದು ಆ ಪಟ್ಟಿಯನ್ನು ಮಾಡಿರುತ್ತಾರೆ. ಅನುಪಾತ ಸುಮಾರು 0.4 ಆದರೆ 100, ಅನುಪಾತ ಸರಿಯಾಗಿ 1 ಆದರೆ 85.

ಈಗ ಮೆಟ್‌ಹಿಮೋಗ್ಲೋಬಿನ್ ನಡುವೆ ಬಂದರೆ? ಅದು ಕೆಂಪನ್ನೂ ಅವಕೆಂಪನ್ನೂ ಹೆಚ್ಚು ಕಡಿಮೆ ಸಮನಾಗಿ ನುಂಗುತ್ತದೆ. ಅದರ ಪಾಲು ಹೆಚ್ಚಿದಂತೆ ಎರಡೂ ಏರಿಳಿತಗಳು ಸಮನಾಗುತ್ತಾ ಅನುಪಾತ 1ರ ಕಡೆಗೆ ಹೋಗುತ್ತದೆ. ಉಪಕರಣ ತನ್ನ ಪಟ್ಟಿ ನೋಡಿ 85 ಎನ್ನುತ್ತದೆ. ರಕ್ತದಲ್ಲಿ ಎರಡೇ ಬಗೆಯ ಹಿಮೋಗ್ಲೋಬಿನ್ ಇವೆಯೆಂದು ನಂಬಿ ಕಟ್ಟಿದ ಲೆಕ್ಕಕ್ಕೆ ಮೂರನೆಯದು ಬಂದಾಗ ಸಿಗುವ ಉತ್ತರ ಅದು. ಎರಡು ಸಮೀಕರಣಗಳಿಂದ ಮೂರು ಅಜ್ಞಾತಗಳನ್ನು ಬಿಡಿಸಲಾಗದು. 1989ರಲ್ಲಿ ಅಮೆರಿಕದ ಬಾರ್ಕರ್, ಟ್ರೆಂಪರ್ ಮತ್ತು ಹಯಾಟ್ ಎಂಬ ಸಂಶೋಧಕರು ನಾಯಿಗಳಲ್ಲಿ ಮೆಟ್‌ಹಿಮೋಗ್ಲೋಬಿನ್ನನ್ನು ಹಂತಹಂತವಾಗಿ ಏರಿಸಿ ಇದನ್ನು ತೋರಿಸಿಕೊಟ್ಟರು. ಅದರ ಪಾಲು ಶೇ. 30ರಿಂದ 35ಕ್ಕೆ ಬರುವ ತನಕ ಆಕ್ಸಿಮೀಟರಿನ ಅಂಕಿ ಇಳಿಯುತ್ತಾ ಬಂದಿತು, ಅಲ್ಲಿಂದ ಮುಂದೆ ರಕ್ತ ಎಷ್ಟೇ ಕೆಟ್ಟರೂ 85ರ ಆಸುಪಾಸಿನಲ್ಲೇ ನಿಂತಿತು. ಅಂದರೆ ನನ್ನ ಮುಂದಿದ್ದ ರೋಗಿಯಲ್ಲಿ ಅದು ಶೇ. 35 ಇರಬಹುದಿತ್ತು, 65 ಕೂಡ ಇರಬಹುದಿತ್ತು. ಆ 85 ಇವೆರಡರ ನಡುವಿನ ವ್ಯತ್ಯಾಸವನ್ನು ಹೇಳಲು ಶಕ್ತವಾಗಿರಲಿಲ್ಲ.

ಕಾರ್ಬನ್ ಮಾನಾಕ್ಸೈಡ್ ವಿಷದಲ್ಲಿ ಇದಕ್ಕಿಂತ ಅಪಾಯದ ತಪ್ಪಾಗುತ್ತದೆ. 660 ನ್ಯಾನೋಮೀಟರಿನಲ್ಲಿ ಆ ಅನಿಲ ಹೊತ್ತ ಹಿಮೋಗ್ಲೋಬಿನ್ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನಂತೆಯೇ ಕಾಣುವುದರಿಂದ ಸಾಯುತ್ತಿರುವವರಲ್ಲಿಯೂ ಅಂಕಿ 98 ಇರಬಲ್ಲದು. 2020ರ ಡಿಸೆಂಬರಿನಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಅಧ್ಯಯನ ಚರ್ಮದ ಬಣ್ಣವನ್ನು ಪರಿಶೀಲಿಸಿತು. ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತದ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದುದು ಕಪ್ಪುಜನರ ಅಳತೆಗಳಲ್ಲಿ ಶೇ. 11.7ರಷ್ಟು, ಬಿಳಿಯರಲ್ಲಿ ಶೇ. 3.6ರಷ್ಟು ಕಂಡುಬಂದಿತು. ಬಿಸಿಲಿನಲ್ಲಿ ಬೆಂದ ಕಪ್ಪು ಬೆರಳುಗಳನ್ನೇ ದಿನವೂ ನೋಡುವ ನಮ್ಮ ಭಾಗದ ವೈದ್ಯರು ಈ ಅಂಕಿಗಳನ್ನು ಓದಲೇಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಪ್ರಕರಣಕ್ಕೆ ಮರಳುತ್ತೇನೆ. ಮೆಟ್‌ಹಿಮೋಗ್ಲೋಬಿನ್ನನ್ನು ನೇರವಾಗಿ ಅಳೆಯಲು ಹಲವು ತರಂಗಾಂತರಗಳನ್ನು ಬಳಸುವ ಕೋ-ಆಕ್ಸಿಮೀಟರ್ ಬೇಕು, ಅದು ನಮಗೆ ಸಿಗುವಂತಿರಲಿಲ್ಲ. ನೆರವಿಗೆ ಬಂದದ್ದು ಶ್ರೀಲಂಕಾದ ಒಂದು ಸಂಶೋಧನೆಯ ನೆನಪು. ಅಲ್ಲಿ ಭತ್ತದ ಗದ್ದೆಗೆ ಹೊಡೆಯುವ ಪ್ರೊಪನಿಲ್ ಎಂಬ ಕಳೆನಾಶಕ ಕುಡಿದವರಲ್ಲಿ ಇದೇ ತೊಂದರೆಯಾಗುತ್ತಿತ್ತು. ಸಣ್ಣ ಆಸ್ಪತ್ರೆಗಳಲ್ಲಿ ಯಂತ್ರಗಳಿಲ್ಲದ್ದರಿಂದ ಅಲ್ಲಿನ ಸಂಶೋಧಕರು ಬಿಳಿಯ ಕಾಗದದ ಮೇಲೆ ಬಿಟ್ಟ ರಕ್ತದ ಹನಿಯ ಬಣ್ಣವನ್ನು ಒಂದು ಬಣ್ಣದ ಪಟ್ಟಿಯೊಂದಿಗೆ ಹೋಲಿಸಿ ಪ್ರಮಾಣವನ್ನು ಅಂದಾಜಿಸುವ ವಿಧಾನವನ್ನು 2010ರಲ್ಲಿ ಪ್ರಕಟಿಸಿದರು. ಆ ಪಟ್ಟಿ ನನ್ನ ಬಳಿ ಇರಲಿಲ್ಲ. ಆದರೂ ಹನಿ ಅಷ್ಟು ಸ್ಪಷ್ಟವಾಗಿ ಕಂದಾಗಿ ಕಾಣಬೇಕಾದರೆ ಪ್ರಮಾಣ ಅಲ್ಪವಲ್ಲ ಎಂಬಷ್ಟು ನಿರ್ಧಾರಕ್ಕೆ ಬರಬಹುದಿತ್ತು. ಶಿಫಾರಸು ಪತ್ರವನ್ನು ಹರಿದು ಹೊಸದಾಗಿ ಬರೆದೆವು.

ಇದಕ್ಕೆ ಮದ್ದು ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ. 1876ರಲ್ಲಿ ಬಟ್ಟೆಯ ಬಣ್ಣವಾಗಿ ಹುಟ್ಟಿ, 1891ರಲ್ಲಿ ಪಾಲ್ ಎರ್ಲಿಖ್ ಅವರ ಕೈಯಲ್ಲಿ ಮಲೇರಿಯಾದ ಔಷಧವಾಗಿ ಪ್ರಯೋಗಗೊಂಡ ವಸ್ತು ಅದು. ಕೆಂಪು ರಕ್ತಕಣದೊಳಗೆ ಸಾಮಾನ್ಯವಾಗಿ ನಿದ್ರಿಸುತ್ತಿರುವ ಒಂದು ಕಿಣ್ವದ ಮೂಲಕ ಅದು ಎಲೆಕ್ಟ್ರಾನುಗಳನ್ನು ಪಡೆದು, ಅವನ್ನು ಮೂರು ಆವೇಶದ ಕಬ್ಬಿಣಕ್ಕೆ ಕೊಟ್ಟು ಎರಡಕ್ಕೆ ಇಳಿಸುತ್ತದೆ. ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಮೆಥಿಲೀನ್ ಬ್ಲೂ ಬಾಟಲಿ ಇತ್ತು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹುಡುಕುವ ಗಾಜಿನ ಪಟ್ಟಿಗಳಿಗೆ ಹಚ್ಚುವ ಬಣ್ಣವದು. ಅದನ್ನು ಕಂಡ ಟೆಕ್ನಿಷಿಯನ್ ಓಡಿಬಂದು "ಸರ್, ನಮ್ಮಲ್ಲೇ ಐತಿ" ಎಂದಾಗ ಇಲ್ಲವೆನ್ನಲು ನನಗೆ ನೋವಾಯಿತು. ಸೂಜಿಯಿಂದ ರಕ್ತನಾಳಕ್ಕೆ ಕೊಡುವ ಔಷಧ ಕ್ರಿಮಿಶುದ್ಧವಾಗಿರಬೇಕು, ಲೋಹದ ಕಲ್ಮಶವಿರಬಾರದು. ಗಾಜಿನ ಪಟ್ಟಿಗೆ ಹಚ್ಚುವ ಬಣ್ಣವನ್ನು ಮನುಷ್ಯರಿಗೆ ಎಂದೂ ಚುಚ್ಚುವಂತಿಲ್ಲ.

ಜಿಲ್ಲಾ ಕೇಂದ್ರದ ಬೋಧನಾ ಆಸ್ಪತ್ರೆಯೊಂದಕ್ಕೆ ದೂರವಾಣಿ ಮಾಡಿದೆವು. ಅಲ್ಲಿಯೂ ತುರ್ತು ಚಿಕಿತ್ಸಾ ವಿಭಾಗದ ಪಟ್ಟಿಯಲ್ಲಿ ಅದು ಇರಲಿಲ್ಲ. ಶಸ್ತ್ರಚಿಕಿತ್ಸಕರು ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿ ಗ್ರಂಥಿಗಳನ್ನು ಗುರುತಿಸಲು ಇದನ್ನು ಬಳಸುತ್ತಾರೆಂಬುದು ನೆನಪಾಗಿ, ಆಪರೇಷನ್ ಥಿಯೇಟರಿನ ಸಿಸ್ಟರನ್ನು ವಿಚಾರಿಸಿದಾಗ 10 ಮಿಲಿಲೀಟರಿನ ಶೇ. 1ರ ಮೂರು ಆಂಪೂಲ್‌ಗಳು ಇವೆಯೆಂಬ ಉತ್ತರ ಬಂದಿತು. ರೋಗಿಯ ಬಟ್ಟೆ ಪೂರ್ತಿ ತೆಗೆದು, ಸಾಬೂನು ನೀರಿನಿಂದ ಮೈ ತೊಳೆದು, ಕೂದಲಿನ ತನಕ ಒರೆಸಿ (ನೈಟ್ರೋಬೆಂಜೀನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ) 108 ಆಂಬುಲೆನ್ಸಿನಲ್ಲಿ ಹೊರಟೆವು. ನನ್ನ ಪಾಳಿ ಮುಗಿದಿದ್ದರಿಂದ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಆ ಅಂಕಿ 85 ಆಗಿಯೇ ಇತ್ತು. ಅವರು ಮಾತ್ರ ಅರ್ಧ ದಾರಿಯ ನಂತರ ಹೆಸರಿಗೆ ಉತ್ತರಿಸುವುದನ್ನು ನಿಲ್ಲಿಸಿದರು.

ಅಲ್ಲಿ ಅಪಧಮನಿಯಿಂದ ತೆಗೆದ ರಕ್ತದ ಪರೀಕ್ಷೆಯಲ್ಲಿ ಕರಗಿದ ಆಮ್ಲಜನಕದ ಒತ್ತಡ 248 ಮಿಲಿಮೀಟರ್ ಪಾದರಸ ಎಂದು ಬಂದಿತು. ಸಹಜವಾಗಿ 100ರ ಒಳಗಿರುವುದು ಮಾಸ್ಕಿನ ಆಮ್ಲಜನಕದಿಂದ ಅಷ್ಟು ಏರಿತ್ತು. ಆ ಯಂತ್ರ ಒತ್ತಡದಿಂದ ಲೆಕ್ಕ ಹಾಕಿ ಹೇಳಿದ ಸಂತೃಪ್ತಿ, ಅಂದರೆ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನಿನ ಪಾಲು, ಶೇ. 99. ಬೆರಳಿನ ಯಂತ್ರ 85 ಎನ್ನುತ್ತಿತ್ತು, ರಕ್ತದ ಯಂತ್ರ 99 ಎನ್ನುತ್ತಿತ್ತು, ಎರಡೂ ತಪ್ಪು. ಈ ಎರಡರ ನಡುವೆ 5ಕ್ಕಿಂತ ಹೆಚ್ಚು ಅಂತರವಿದ್ದರೆ ಅಸಹಜ ಹಿಮೋಗ್ಲೋಬಿನ್ ಇದೆಯೆಂದು ಅನುಮಾನಿಸಬೇಕು. ಶ್ವಾಸಕೋಶ ತನ್ನ ಕೆಲಸ ಸಂಪೂರ್ಣವಾಗಿ ಮಾಡುತ್ತಿತ್ತು. ವೆಂಟಿಲೇಟರ್ ಹಾಕಿದ್ದರೆ ಅದು ಇನ್ನಷ್ಟು ಆಮ್ಲಜನಕವನ್ನು ಹೊರಲಾರದ ರಕ್ತಕ್ಕೆ ತುಂಬುತ್ತಿತ್ತು, ಅಷ್ಟೆ.

ಔಷಧ ಕೊಡುವ ಮೊದಲು ಒಂದು ಸಂಕಟ ಎದುರಾಯಿತು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಮೆಥಿಲೀನ್ ಬ್ಲೂ ಕೆಲಸ ಮಾಡುವುದಿಲ್ಲ, ಬದಲಿಗೆ ರಕ್ತಕಣಗಳನ್ನು ಒಡೆಯುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಎರಡು ದಿನ ಬೇಕು, ರೋಗಿಯ ಬಳಿ ಅಷ್ಟು ಸಮಯವಿರಲಿಲ್ಲ. ಹಿಂದೆ ಮಲೇರಿಯಾ ಮಾತ್ರೆ ತಿಂದಾಗ ಮೂತ್ರ ಕಪ್ಪಾಗಿತ್ತೇ, ಕಾಮಾಲೆ ಬಂದಿತ್ತೇ, ತಾಯಿಯ ಕಡೆಯವರಲ್ಲಿ ಯಾರಿಗಾದರೂ ಹೀಗಾಗಿತ್ತೇ, ಈ ಔಷಧದೊಂದಿಗೆ ಸೇರಿದರೆ ಅಪಾಯವಾಗಬಲ್ಲ ಮಾನಸಿಕ ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಹೆಂಡತಿ ಮತ್ತು ತಮ್ಮನನ್ನು ಬೇರೆಬೇರೆಯಾಗಿ ಕೇಳಿ, ಎಲ್ಲದಕ್ಕೂ ಇಲ್ಲವೆಂಬ ಉತ್ತರ ಬಂದ ಮೇಲೆ, ಪರೀಕ್ಷೆಗೆ ರಕ್ತ ತೆಗೆದಿರಿಸಿ ಔಷಧ ಕೊಡಲು ಅಲ್ಲಿನ ಹಿರಿಯ ವೈದ್ಯರು ನಿರ್ಧರಿಸಿದರು. ತೂಕ 56 ಕೆ.ಜಿ. ಕೆ.ಜಿ.ಗೆ ಒಂದೂವರೆ ಮಿಲಿಗ್ರಾಮಿನಂತೆ 84 ಮಿಲಿಗ್ರಾಂ, ಅಂದರೆ 8.4 ಮಿಲಿಲೀಟರ್. ಸಲೈನಿನಲ್ಲಿರುವ ಕ್ಲೋರೈಡ್ ಈ ಔಷಧದ ಕರಗುವಿಕೆಯನ್ನು ಕಡಿಮೆ ಮಾಡುವುದರಿಂದ ಶೇ. 5ರ ಡೆಕ್ಸ್‌ಟ್ರೋಸಿನಲ್ಲಿ ಬೆರೆಸಿ ಐದು ನಿಮಿಷಕ್ಕೂ ಸ್ವಲ್ಪ ಹೆಚ್ಚು ಹೊತ್ತು ನಿಧಾನವಾಗಿ ಕೊಟ್ಟರು. ರಾತ್ರಿ 9 ಗಂಟೆ 15 ನಿಮಿಷವಾಗಿತ್ತು.

ಎರಡು ನಿಮಿಷ ಕಳೆಯುವಷ್ಟರಲ್ಲಿ, ಎರಡೂವರೆ ಗಂಟೆ ಅಲುಗಾಡದೆ ನಿಂತಿದ್ದ ಅಂಕಿ ಬೀಳತೊಡಗಿತು. 78, 71, 64. ಮಾನಿಟರ್ ಕೂಗಿಕೊಂಡಿತು. ಪಕ್ಕದಲ್ಲಿದ್ದ ಕಿರಿಯ ವೈದ್ಯೆ ಔಷಧ ನಿಲ್ಲಿಸಲು ಕೈ ಚಾಚಿದರು. ಆ ಕ್ಷಣದಲ್ಲಿ ನನ್ನ ಎದೆಯೂ ಹೊಡೆದುಕೊಂಡಿತೆಂದು ಮುಚ್ಚಿಡದೆ ಹೇಳುತ್ತೇನೆ. ಆದರೆ ಇದಕ್ಕೂ ಕಾರಣ ಅದೇ ಕೆಂಪು ದೀಪ. ಮೆಥಿಲೀನ್ ಬ್ಲೂ ಅತಿ ಹೆಚ್ಚು ಬೆಳಕನ್ನು ನುಂಗುವುದು 668 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಉಪಕರಣದ ಕೆಂಪು ದೀಪದ ನೆತ್ತಿಯ ಮೇಲೆಯೇ ಎನ್ನಬಹುದು. ರಕ್ತದಲ್ಲಿ ಬಣ್ಣ ತುಂಬಿದ ಕೂಡಲೇ ಕೆಂಪು ಬೆಳಕು ಬೆರಳು ದಾಟುವುದು ಕಡಿಮೆಯಾಗಿ, ಅನುಪಾತ 1ನ್ನು ಮೀರಿ, ಅಂಕಿ ಕುಸಿಯುತ್ತದೆ. ಅಯೊಯಾಗಿಯವರು ಬಣ್ಣವನ್ನು ಅಳೆಯಹೊರಟು ಆಮ್ಲಜನಕದ ಅಳತೆಯನ್ನು ಕಂಡರು. ಅಂದು ರಾತ್ರಿ ನಮ್ಮ ಮುಂದೆ ಆಮ್ಲಜನಕವನ್ನು ಅಳೆಯಬೇಕಾದ ಯಂತ್ರ ಬಣ್ಣವನ್ನು ಅಳೆಯುತ್ತಿತ್ತು. ಹಿರಿಯ ವೈದ್ಯರು ಮಾನಿಟರಿನ ಸದ್ದು ನಿಲ್ಲಿಸಿ, ರೋಗಿಯ ನಾಡಿ ಹಿಡಿದು ಕುಳಿತು, "ಮುಂದುವರಿಸಮ್ಮ" ಎಂದರು.

ಹತ್ತು ನಿಮಿಷಕ್ಕೆ ಅಂಕಿ 80 ದಾಟಿತು, ನಲವತ್ತನೆಯ ನಿಮಿಷಕ್ಕೆ 93. ಅದಕ್ಕಿಂತ ಮೊದಲೇ ತುಟಿಯ ಬಣ್ಣ ತಿರುಗಿತ್ತು. ಕಾಗದದ ಮೇಲೆ ಮತ್ತೊಂದು ಹನಿ ಬಿಟ್ಟಾಗ ಕಂದಿನ ಬದಲು ಕೆಂಪು ಕಂಡಿತು. ಹತ್ತೂವರೆಗೆ ರೋಗಿ ಕಣ್ಣು ತೆರೆದು ನೀರು ಕೇಳಿದರು. ಬೆಳಗಿನ ಜಾವ ಮೂತ್ರ ಹಸಿರು ಬೆರೆತ ನೀಲಿಯಾಗಿ ಬಂದಾಗ ಹೆಂಡತಿ ಹೆದರಿ ಅತ್ತರು. ಇದನ್ನು ಮೊದಲೇ ತಿಳಿಸದಿದ್ದುದು ನಮ್ಮ ತಪ್ಪು.

ನೈಟ್ರೋಬೆಂಜೀನ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಮೈಯ ಕೊಬ್ಬಿನಲ್ಲಿ ಅಡಗಿ ಕುಳಿತು ದಿನಗಟ್ಟಲೆ ಮೆಲ್ಲಗೆ ಹೊರಬರುತ್ತದೆ. ಮರುದಿನ ಬೆಳಿಗ್ಗೆ 11ಕ್ಕೆ ತುಟಿ ಮತ್ತೆ ಮಂಕಾಯಿತು, ಅಂಕಿ 88ಕ್ಕೆ ಇಳಿಯಿತು. ಈ ಬಾರಿ ಯಾರೂ ಅಂಕಿಗಾಗಿ ಕಾಯಲಿಲ್ಲ, ಎರಡು ಗಂಟೆಗೊಮ್ಮೆ ಕಾಗದದ ಹನಿ ನೋಡುತ್ತಿದ್ದ ಸಿಸ್ಟರ್ ಅದಕ್ಕೂ ಮೊದಲೇ ಹೇಳಿದ್ದರು. ಕೆ.ಜಿ.ಗೆ 1 ಮಿಲಿಗ್ರಾಮಿನಂತೆ ಎರಡನೆಯ ಬಾರಿ ಕೊಡಲಾಯಿತು. ಒಟ್ಟು ಪ್ರಮಾಣ ಕೆ.ಜಿ.ಗೆ 7 ಮಿಲಿಗ್ರಾಂ ದಾಟಿದರೆ ಈ ಔಷಧವೇ ಮೆಟ್‌ಹಿಮೋಗ್ಲೋಬಿನ್ ಉಂಟುಮಾಡುವುದರಿಂದ ಲೆಕ್ಕವನ್ನು ಮಂಚದ ತಲೆಯ ಬಳಿ ಬರೆದು ಅಂಟಿಸಿದ್ದರು. ಜೊತೆಗೆ ವಿಟಮಿನ್ ಸಿ ನಡೆಯಿತು, ಅದರ ಕೆಲಸ ನಿಧಾನ. ಮೂರನೆಯ ಬಾರಿ ಬೇಕಾಗಲಿಲ್ಲ. ಮೂರನೆಯ ದಿನ ಜಿ6ಪಿಡಿ ಸಹಜವೆಂದು ವರದಿ ಬಂದಿತು. ಕೆಟ್ಟ ರಕ್ತಕಣಗಳು ಒಡೆದುದರಿಂದ ಹಿಮೋಗ್ಲೋಬಿನ್ 13.1ರಿಂದ ಆರನೆಯ ದಿನಕ್ಕೆ 9.4ಕ್ಕೆ ಇಳಿದು ಅಲ್ಲಿಯೇ ನಿಂತಿತು, ರಕ್ತ ಕೊಡಬೇಕಾಗಲಿಲ್ಲ. ಒಂಬತ್ತನೆಯ ದಿನ ಮನೆಗೆ ಹೋದರು.

ಅವರ ಮೆಟ್‌ಹಿಮೋಗ್ಲೋಬಿನ್ ಎಷ್ಟು ಏರಿತ್ತೆಂಬುದನ್ನು ನಾವು ಒಮ್ಮೆಯೂ ಅಳೆಯಲಿಲ್ಲ, ಆದ್ದರಿಂದ ಈ ವರದಿಯಲ್ಲಿ ಇರಲೇಬೇಕಾದ ಅಂಕಿಯೊಂದು ಇಲ್ಲ. ರೋಗನಿರ್ಧಾರ ನಿಂತಿರುವುದು ಡಬ್ಬಿಯ ಹೆಸರು, ರಕ್ತದ ಬಣ್ಣ, ಎರಡು ಯಂತ್ರಗಳ ನಡುವಿನ ಅಂತರ ಮತ್ತು ಔಷಧಕ್ಕೆ ದೇಹ ಸ್ಪಂದಿಸಿದ ರೀತಿಯ ಮೇಲೆ. ನಮ್ಮ ಆಸ್ಪತ್ರೆಯ ತುರ್ತು ಔಷಧಗಳ ಕಪಾಟಿನಲ್ಲಿ ಈಗ ಮೆಥಿಲೀನ್ ಬ್ಲೂ ಆಂಪೂಲ್‌ಗಳು ನಾಲ್ಕಿವೆ. ಪಕ್ಕದಲ್ಲಿ ಬಿಳಿಯ ಫಿಲ್ಟರ್ ಕಾಗದದ ಒಂದು ಕಟ್ಟು ಇದೆ.

ಒಂದು ತಿಂಗಳ ನಂತರ ಅವರು ತಮ್ಮನೊಂದಿಗೆ ತಪಾಸಣೆಗೆ ಬಂದರು. ಹಿಮೋಗ್ಲೋಬಿನ್ 11.8, ಬೆರಳಿನ ಅಂಕಿ 98, ಕಾಗದದ ಮೇಲಿನ ಹನಿ ನನ್ನದರಷ್ಟೇ ಕೆಂಪು. ಕೆಲಸಕ್ಕೆ ಹೋಗಬಹುದೇ ಎಂದು ಕೇಳಿದರು. ಪಂಪು ಹೊರುವುದು, ಎಣ್ಣಿಯಾಗಲಿ ಟಾನಿಕ್ ಆಗಲಿ ಕಲಸುವುದು ಮೂರು ತಿಂಗಳು ಬೇಡವೆಂದೆ. "ಹತ್ತಿ ಬಿಡಿಸೋದು ಸುರುವಾಗೈತ್ರಿ ಸರ, ಅದಕ್ಕ ಹೋಗ್ತೀನಿ" ಎಂದರು. ಅದಕ್ಕೆ ಅಡ್ಡಿಯಿಲ್ಲವೆಂದು ಬರೆದುಕೊಟ್ಟೆ.